ಮನೋರೋಗಿಗಳ ಶುಶ್ರೂಷೆಗೆ ಹೊರಟ ಮಗಳು

ಕಾವೇರಿಯ ದಡದ ರುದ್ರಪಟ್ಟಣವು ಸಂಗೀತಗಾರರ ಊರೆಂದು ನಾಡಿಗೆಲ್ಲ ಪರಿಚಿತ. ಅಲ್ಲಿನ ನಮ್ಮ ಬಂಧುಗಳ ಮನೆಗೆ ಹೋಗಿದ್ದಾಗ ಚರ್ಚೆ ನಡೆದಿದ್ದುದು ಬೇರೊಂದು ವಿಷಯದ ಮೇಲೆ. ಜಿ.ಎನ್.ಎಂ. ಮುಗಿಸಿದ ಮಗಳಿಗೆ ಮೈಸೂರಿನ ಆಸ್ಪತ್ರೆಯೊಂದರ ಮನೋವೈದ್ಯಕೀಯ ವಿಭಾಗದಲ್ಲಿ ಕೆಲಸ ದೊರೆತಿತ್ತು. "ಹುಚ್ಚರ ವಾರ್ಡಿಗೆ ಕಳಿಸಿದರೆ ನಾಳೆ ಗಂಡಿನ ಕಡೆಯವರು ಏನನ್ನುತ್ತಾರೆ, ನೀವೇ ಹೇಳಿ ಅಣ್ಣಾ" ಎಂದರು ತಾಯಿ. ತಂದೆಯವರ ಆತಂಕವೇ ಬೇರೆ: "ಮೊದಲು ಎರಡು ವರ್ಷ ಸಾಮಾನ್ಯ ವಾರ್ಡಿನಲ್ಲಿ ದುಡಿಯಲಿ. ಇಲ್ಲದಿದ್ದರೆ ಕಲಿತ ಕೈಗೆಲಸವೇ ಮರೆತುಹೋದೀತು." ಹುಡುಗಿ ಬಾಗಿಲಿಗೊರಗಿ ಸುಮ್ಮನೆ ನಿಂತಿದ್ದಳು.

ತಂದೆಯವರ ಮಾತು ಶುಶ್ರೂಷಾ ವೃತ್ತಿಯಲ್ಲಿ ಬಹುಕಾಲದಿಂದ ಕೇಳಿಬರುವ ಬುದ್ಧಿವಾದವೇ. ತೀವ್ರ ನಿಗಾ ಘಟಕದಂಥ ಕಡೆಗೂ ಮನಸ್ಸು ಎಳೆಯುತ್ತಿದ್ದರೆ ಸಾಮಾನ್ಯ ವಾರ್ಡಿನ ಅನುಭವ ನಿಜಕ್ಕೂ ಉಪಯುಕ್ತ. ಆದರೆ ಮನೋರೋಗಿಗೂ ದೇಹವಿದೆಯೆಂಬುದನ್ನು ಆ ಮಾತು ಮರೆಯುತ್ತದೆ. ಲಿಥಿಯಂ ಸೇವಿಸುವ ರೋಗಿಗೆ ವಾಂತಿಭೇದಿಯಾಗಿ ಮೈಯ ನೀರು ಕಡಿಮೆಯಾದರೆ ರಕ್ತದಲ್ಲಿ ಆ ಔಷಧವು ವಿಷದ ಮಟ್ಟಕ್ಕೆ ಏರಬಹುದು. ಕೈನಡುಕ ಹೆಚ್ಚಿದುದನ್ನೂ ನಾಲಿಗೆ ತೊದಲಿದುದನ್ನೂ ವೈದ್ಯರಿಗಿಂತ ಮೊದಲು ಕಾಣುವವಳು ಸದಾ ಹತ್ತಿರವಿರುವ ಶುಶ್ರೂಷಕಿ. ಕ್ಲೋಜಪಿನ್ ಪಡೆಯುವವರ ಬಿಳಿ ರಕ್ತಕಣಗಳ ಎಣಿಕೆಯನ್ನು ತಪ್ಪದೆ ನೋಡುತ್ತಿರಬೇಕು. ಅವರ ಮಲಬದ್ಧತೆಯನ್ನು ಕೂಡ ಉದಾಸೀನ ಮಾಡುವಂತಿಲ್ಲ. ಜನರು 'ಶಾಕ್' ಎಂದು ಕರೆಯುವ ಚಿಕಿತ್ಸೆಯನ್ನು ಅರಿವಳಿಕೆಯಿಲ್ಲದೆ ಕೊಡಬಾರದೆಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ವಿಧಿಸಿದೆ. ಆ ಅರಿವಳಿಕೆ ಇಳಿಯುವವರೆಗೆ ರೋಗಿಯ ಉಸಿರನ್ನು ಕಾಯುವ ಹೊಣೆಯೂ ಇದೆ. ಇಂಥಲ್ಲಿ ಕೈಗೆಲಸ ಮರೆಯುವುದಾದರೂ ಹೇಗೆ?

ತಾಯಿಯ ಅಳುಕಿಗೆ ಉತ್ತರ ಹೇಳುವುದು ಇಷ್ಟು ಸುಲಭವಲ್ಲ. ಕಾಯಕದಲ್ಲಿ ಮೇಲುಕೀಳಿಲ್ಲವೆಂದು ಬಸವ ಜಯಂತಿಯ ವೇದಿಕೆಯಲ್ಲಿ ಹೇಳುವ ನಾವೇ ಹೆಣ್ಣು ನೋಡಲು ಹೋದಾಗ ಅದನ್ನು ಮರೆಯುತ್ತೇವೆ. ಹಳೆಯ ಮೈಸೂರು ಸಂಸ್ಥಾನದ ಹುಚ್ಚಾಸ್ಪತ್ರೆಯು ಮಾನಸಿಕ ಆಸ್ಪತ್ರೆಯೆಂಬ ಹೆಸರು ಪಡೆದದ್ದು 1925ರಲ್ಲಿ. ಅದೇ ಬೆಳೆದು 1974ರಲ್ಲಿ ಬೆಂಗಳೂರಿನ ನಿಮ್ಹಾನ್ಸ್ ರೂಪುಗೊಂಡಿತು. ಹೆಸರು ಬದಲಾಗಿ ನೂರು ವರ್ಷವಾದರೂ ನಮ್ಮ ಜಗಲಿಗಳ ಮಾತು ಬದಲಾಗಿಲ್ಲ. ನಮ್ಮ ಸುತ್ತೂರು ಶ್ರೀಮಠದ ಹೆಸರಿನೊಡನೆ ಬೆಳೆದ ಮೈಸೂರಿನ ಜೆ.ಎಸ್.ಎಸ್. ಆಸ್ಪತ್ರೆಯಲ್ಲಿಯೂ ಮನೋವೈದ್ಯಕೀಯ ವಿಭಾಗವಿದೆಯೆಂದಾಗ ಆ ತಾಯಿಯ ಮುಖ ಕೊಂಚ ಸಡಿಲವಾಯಿತು.

ಈ ಕಾಯಕದ ಬೆಲೆ ತಿಳಿಯಲು ನಿಮ್ಹಾನ್ಸ್‌ನಲ್ಲಿ ಡಾ. ಆರ್.ಎಲ್. ಕಪೂರ್ ಮತ್ತು ಎಸ್. ಪೈ ಅವರು ನಡೆಸಿದ ಒಂದು ಅಧ್ಯಯನವನ್ನು ನೆನೆಯಬಹುದು. 1980ರ ದಶಕದ ಆರಂಭದಲ್ಲಿ ಅದರ ಫಲಿತಾಂಶ ಪ್ರಕಟವಾಯಿತು. ಸ್ಕಿಜೋಫ್ರೇನಿಯಾ ಪೀಡಿತರಲ್ಲಿ ಕೆಲವರನ್ನು ಆಸ್ಪತ್ರೆಗೆ ಸೇರಿಸಿ, ಇನ್ನು ಕೆಲವರನ್ನು ಮನೆಯಲ್ಲಿಯೇ ಇರಿಸಿ ನೋಡಲಾಯಿತು. ಮನೆಯಲ್ಲಿದ್ದವರ ಬಳಿಗೆ ಶುಶ್ರೂಷಕಿಯೊಬ್ಬರು ಹೋಗಿ ಔಷಧೋಪಚಾರ ಗಮನಿಸಿ, ಮನೆಯವರಿಗೆ ತಿಳಿವಳಿಕೆ ಹೇಳಿ ಬರುತ್ತಿದ್ದರು. ಮನೆಯಲ್ಲಿದ್ದವರ ಸ್ಥಿತಿಯೇ ಹೆಚ್ಚು ಸುಧಾರಿಸಿತು; ಕುಟುಂಬದ ಹೊರೆಯೂ ಖರ್ಚೂ ಕಡಿಮೆಯಾದವು.

ನಮ್ಮ ದೃಷ್ಟಿಯಲ್ಲಿ, ಹೊಸದಾಗಿ ಕೆಲಸಕ್ಕೆ ಸೇರುವವಳು ಯಾವ ವಿಭಾಗವೆಂಬುದಕ್ಕಿಂತ ತನಗೆ ಕಲಿಸುವವರು ಯಾರೆಂಬುದನ್ನು ಮೊದಲು ವಿಚಾರಿಸಬೇಕು. ಪಳಗಿದ ಹಿರಿಯ ಶುಶ್ರೂಷಕಿ ಜೊತೆಗಿರುವರೇ? ಕೆರಳಿದ ರೋಗಿಯನ್ನು ಮಾತಿನಿಂದ ತಣಿಸುವುದನ್ನು ಕಲಿಸುವರೇ, ಕಟ್ಟಿಹಾಕುವುದನ್ನೇ ತೋರಿಸುವರೇ? ಸರಪಳಿ ಬಿಗಿಯುವುದನ್ನು ಕಾಯ್ದೆ ಸಂಪೂರ್ಣವಾಗಿ ನಿಷೇಧಿಸಿದೆ. ಸಂಬಳ ತುಸು ಹೆಚ್ಚೆಂದು ನೋಂದಣಿಯಿಲ್ಲದ ವ್ಯಸನಮುಕ್ತಿ ಕೇಂದ್ರಗಳಿಗೆ ಸೇರುವ ಹುಡುಗಿಯರಿದ್ದಾರೆ; ಅಲ್ಲಿ ಕಲಿಯುವುದು ಬೀಗ ಹಾಕುವುದನ್ನು ಮಾತ್ರ. ಒಂದೆರಡು ವರ್ಷ ಒಳ್ಳೆಯ ಕಡೆ ದುಡಿದ ಮೇಲೆ, ಮನಸ್ಸು ನಿಂತರೆ, ಮನೋವೈದ್ಯಕೀಯ ಶುಶ್ರೂಷೆಯ ಒಂದು ವರ್ಷದ ಡಿಪ್ಲೊಮಾ ಇದೆ. ನಿಲ್ಲದಿದ್ದರೆ ಬೇರೆ ವಿಭಾಗಕ್ಕೆ ಹೋಗುವುದರಲ್ಲಿ ಅವಮಾನವೇನಿಲ್ಲ.

ಆಗ ಹುಡುಗಿ ಬಾಯಿ ತೆರೆದಳು. ತರಬೇತಿಯ ಕಾಲದಲ್ಲಿ ಮಾತೇ ಆಡದಿದ್ದ ವೃದ್ಧೆಯೊಬ್ಬರು ಹನ್ನೊಂದನೆಯ ದಿನ ತನ್ನನ್ನು "ಊಟ ಆಯ್ತಾ ಮಗಾ" ಎಂದು ಕೇಳಿದರಂತೆ. ಅಷ್ಟನ್ನೇ ಹೇಳಿ ಒಳಗೆ ಹೋದಳು.

ಬರುವ ಸೋಮವಾರ ಮೂವರೂ ಮೈಸೂರಿಗೆ ಹೋಗಿ ವಾರ್ಡನ್ನು ಕಣ್ಣಾರೆ ನೋಡಿಬರುವುದೆಂದು ನಿಶ್ಚಯವಾಯಿತು. ರಾತ್ರಿ ಪಾಳಿಯಲ್ಲಿ ಎಷ್ಟು ಜನರಿರುತ್ತಾರೆಂಬುದನ್ನು ತಾವೇ ಕೇಳುವುದಾಗಿ ತಾಯಿ ಹೇಳಿದರು.