ಗೆದ್ದರೆ ನಾವು, ಸೋತರೆ?



ನಿಮ್ಮ ಮೆಚ್ಚಿನ ತಂಡ ಗೆದ್ದ ಮರುದಿನ ಏನೆನ್ನುತ್ತೀರಿ? "ನಾವು ಗೆದ್ದೆವು." ಸೋತರೋ, ಅದೇ ಬಾಯಿ "ಅವರು ಸೋತರು" ಎನ್ನುತ್ತದೆ. ಅಮೆರಿಕದ ಮನಶ್ಶಾಸ್ತ್ರಜ್ಞ ರಾಬರ್ಟ್ ಚಾಲ್ಡೀನಿ ಮತ್ತು ಸಂಗಡಿಗರು ಕಾಲೇಜು ವಿದ್ಯಾರ್ಥಿಗಳಲ್ಲಿ ಇದನ್ನೇ ಕಂಡು 1976ರಲ್ಲಿ ಪ್ರಕಟಿಸಿದರು. ಗೆದ್ದವರ ಜೊತೆ ನಿಂತರೆ ನಮ್ಮ ಬೆಲೆಯೂ ಏರಿದಂತೆ ತೋರುತ್ತದೆ. ಸೋತವರಿಂದ ಸರಿದರೆ ನೋವು ಕಡಿಮೆ.

ನಿಷ್ಠೆಯ ಅಭಿಮಾನಿಗೆ ಮಾತ್ರ ಹಾಗೆ ಸರಿಯಲಾಗದು. ಬೆಂಗಳೂರಿನ ಐ.ಪಿ.ಎಲ್. ತಂಡವನ್ನೇ ನೋಡಿ. 2013ರ ಏಪ್ರಿಲ್ 23ರಂದು ಕ್ರಿಸ್ ಗೇಲ್ ಒಬ್ಬರೇ 175 ಹೊಡೆದರು, ತಂಡದ ಮೊತ್ತ 263. 2017ರಲ್ಲಿ ಅದೇ ಏಪ್ರಿಲ್ 23ರಂದು 49 ರನ್ನಿಗೆ ಎಲ್ಲರೂ ಔಟು! ಫೈನಲ್ ಪಂದ್ಯಗಳಲ್ಲಿ 2009ರಲ್ಲಿ ಹೈದರಾಬಾದಿನವರೆದುರು 6 ರನ್ನುಗಳಿಂದ, 2011ರಲ್ಲಿ ಚೆನ್ನೈಯವರೆದುರು 58ರಿಂದ, 2016ರಲ್ಲಿ ಮತ್ತೆ ಹೈದರಾಬಾದಿನವರೆದುರು 8ರಿಂದ ಸೋಲು. ಮೂರು ಸಲವೂ ಗೆದ್ದವರು ನೆರೆಯವರೇ. ಹೊಸೂರು, ತಾಳವಾಡಿ, ಆದೋನಿ ಕಡೆಯ ನಿಮಗೆ ಬೇರೆ ಹೇಳಬೇಕೆ? ಬೆಳಗಾದರೆ ಟೀ ಅಂಗಡಿಯಲ್ಲಿ ಎರಡೂ ಭಾಷೆಯಲ್ಲಿ ಗೇಲಿ ಕೇಳಬೇಕು.

ಹೀಗೆ "ನಾವು ಸೋತೆವು" ಎಂದು ಒಪ್ಪಿಕೊಂಡವನಿಗೇ ಗೆಲುವಿನ ರುಚಿ ಹೆಚ್ಚು. 2025ರ ಜೂನ್ 3ರಂದು ಅಹಮದಾಬಾದಿನಲ್ಲಿ ಪಂಜಾಬಿನ ಎದುರು ಬೆಂಗಳೂರು ಗೆದ್ದಿತು. ಅಂತರ ಅದೇ 6 ರನ್ನು! ಹದಿನೆಂಟನೆಯ ವರ್ಷಕ್ಕೆ ಕಪ್ ಬಂತು, ಎಷ್ಟೋ ಮಂದಿ ಅತ್ತರು.

ಮರುದಿನ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ನೂಕುನುಗ್ಗಲಾಗಿ 11 ಜನ ಪ್ರಾಣ ಕಳೆದುಕೊಂಡರು. ಆ ಅಳು ಬೇರೆ. ಆಟದ ಸೋಲಿಗೆ ಮುಂದಿನ ವರ್ಷವಿದೆ, ಹೋದ ಜೀವಕ್ಕಿಲ್ಲ.

ಆದ್ದರಿಂದ ಬಾಂಧವರೇ, ಸೋತ ದಿನ ಗೇಲಿ ಮಾಡಿದ ನೆರೆಯವನ ಜೊತೆಯಲ್ಲೇ ಟೀ ಕುಡಿಯಿರಿ. ಗೆದ್ದ ದಿನ ಕುಣಿಯಿರಿ, ಕ್ಷೇಮವಾಗಿ ಮನೆ ಸೇರಿರಿ.