ಗೋಡೆಗೊರಗಿದ ಸೊಪ್ಪಿನ ಮಡಿ

ಪೀಣ್ಯ ಕೈಗಾರಿಕಾ ಪ್ರದೇಶದ ಅಡ್ಡರಸ್ತೆಗಳಲ್ಲಿ ಗೋಡೌನುಗಳ ಹಿಂಬದಿಗೆ ಹೋದರೆ ಮರದ ಪ್ಯಾಲೆಟ್‌ಗಳ ಅಟ್ಟಿ ಕಣ್ಣಿಗೆ ಬೀಳುತ್ತದೆ. ಯಂತ್ರದ ಬಿಡಿಭಾಗಗಳನ್ನು ಹೊತ್ತು ಬಂದು ಕೆಲಸ ಮುಗಿಸಿದವು ಅವು. ಮಳೆಗೆ ನೆನೆದು ಬೂದು ಬಣ್ಣಕ್ಕೆ ತಿರುಗಿದವು ಕೆಲವು, ಒಂದೆರಡು ಹಲಗೆ ಮುರಿದವು ಕೆಲವು, ಪೈನ್ ಮರದ ವಾಸನೆ ಇನ್ನೂ ಬಿಡದವು ಕೆಲವು. ಗುಜರಿಯವರ ಗಾಡಿ ಏರಿದ್ದು ಬಿಟ್ಟರೆ ಉಳಿದದ್ದು ಒಲೆಗೆ. ಈಚೀಚೆಗೆ ಅವುಗಳಲ್ಲಿ ಒಂದಷ್ಟು ಅಪಾರ್ಟ್‌ಮೆಂಟುಗಳ ಲಿಫ್ಟ್ ಹತ್ತಿ, ಬಾಲ್ಕನಿಯ ಗೋಡೆಗೆ ಬೆನ್ನು ಕೊಟ್ಟು, ಮೆಂತ್ಯ ಪುದೀನ ಹೊತ್ತು ನಿಲ್ಲುತ್ತಿವೆ.

ನಾಲ್ಕಡಿಗೆ ಎಂಟಡಿಯ ಬಾಲ್ಕನಿ ಎಂದರೆ ಅದರಲ್ಲಿ ವಾಷಿಂಗ್ ಮೆಷಿನ್ ಇರುತ್ತದೆ, ಬಟ್ಟೆ ಒಣಹಾಕುವ ಹಗ್ಗ ಇರುತ್ತದೆ, ಒಂದು ಮೂಲೆಯಲ್ಲಿ ಖಾಲಿ ಸಿಲಿಂಡರ್. ನೆಲದ ಮೇಲೆ ನಾಲ್ಕು ಕುಂಡ ಇಟ್ಟರೆ ಕಾಲಿಡಲು ಜಾಗವಿಲ್ಲ. ಖಾಲಿ ಉಳಿಯುವುದು ಗೋಡೆ ಒಂದೇ.

ಗಿಡವನ್ನು ಮೇಲಕ್ಕೆ ಹತ್ತಿಸುವುದು ನಮ್ಮವರಿಗೆ ಹೊಸ ವಿದ್ಯೆಯಲ್ಲ. ಕರಾವಳಿಯ ಬಾವಿಕಟ್ಟೆಯ ಪಕ್ಕದ ಬಸಳೆ ಚಪ್ಪರ, ಅಡಿಕೆ ಮರಕ್ಕೆ ಹಬ್ಬಿಸಿದ ವೀಳ್ಯದೆಲೆ, ಬೇಲಿಯ ಮೇಲೆ ಹರಡಿದ ಹೀರೆ ಬಳ್ಳಿ ಎಲ್ಲವೂ ಅದೇ ಲೆಕ್ಕ. ಆದರೆ ಅಲ್ಲೆಲ್ಲ ಬೇರು ನೆಲದಲ್ಲಿರುತ್ತದೆ, ಬಳ್ಳಿ ಮಾತ್ರ ಏರುತ್ತದೆ. ಮಣ್ಣನ್ನೂ ಗೋಡೆಗೆ ಏರಿಸುವ ಯೋಚನೆಗೆ ಪೇಟೆಂಟ್ ಪಡೆದವರು ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಸ್ಟ್ಯಾನ್ಲಿ ಹಾರ್ಟ್ ವೈಟ್, 1938ರಲ್ಲಿ. ಅದನ್ನು ಜಗತ್ತಿನ ಕಣ್ಣಿಗೆ ಬೀಳಿಸಿದವರು ಫ್ರಾನ್ಸಿನ ಸಸ್ಯಶಾಸ್ತ್ರಜ್ಞ ಪ್ಯಾಟ್ರಿಕ್ ಬ್ಲಾಂಕ್. ಪ್ಯಾರಿಸ್ಸಿನ ಕೇ ಬ್ರಾನ್ಲಿ ವಸ್ತುಸಂಗ್ರಹಾಲಯದ ಹಸಿರು ಗೋಡೆ ಅವರದೇ. ಬ್ಲಾಂಕ್ ಪದ್ಧತಿಯಲ್ಲಿ ಮಣ್ಣೇ ಇಲ್ಲ. ಫೆಲ್ಟ್ ಬಟ್ಟೆಯ ಪದರದಲ್ಲಿ ಬೇರು, ಅದಕ್ಕೆ ಪಂಪಿನಿಂದ ಪೋಷಕಾಂಶ ಬೆರೆತ ನೀರು. ನೋಡಲು ಬಲು ಚೆಂದ. ಪಂಪು ನಿಂತರೆ ಮಾತ್ರ ಗಿಡ ಬಹಳ ದಿನ ತಾಳದು. ನಮ್ಮ ಮೇಲ್ಸೇತುವೆಯ ಕಂಬಗಳಿಗೆ ತೊಡಿಸಿದ ಹಸಿರು ಅಲ್ಲಲ್ಲಿ ಒಣಗಿ ನೇತಾಡುವುದನ್ನು ಬೆಂಗಳೂರಿಗರು ಕಂಡೇ ಇದ್ದಾರೆ. ಮರದ ತೊಟ್ಟಿಯಲ್ಲಿ ಆರಿಂಚು ಮಣ್ಣು ಇರುತ್ತದೆ. ಒಂದು ದಿನ ನೀರು ಮರೆತರೂ ಅದು ಸಹಿಸಿಕೊಳ್ಳುತ್ತದೆ. ಮನೆಯವರ ತೋಟಕ್ಕೆ ಬೇಕಾದ ಗುಣ ಇದು.

ಹಳೆ ಮರ ಅಗ್ಗಕ್ಕೆ ಸಿಗುತ್ತದೆಂದು ಹೊತ್ತು ತರುವ ಮೊದಲು ಅದರ ಪೂರ್ವಾಪರ ವಿಚಾರಿಸಬೇಕು. ತಿನ್ನುವ ಸೊಪ್ಪು ಬೆಳೆಯುವವರಿಗಂತೂ ಇದು ಕಡ್ಡಾಯ. ಪುಣ್ಯಕ್ಕೆ ವಿದೇಶ ಸುತ್ತಿ ಬಂದ ಪ್ಯಾಲೆಟ್ ತನ್ನ ಜಾತಕವನ್ನು ಮೈಮೇಲೇ ಹೊತ್ತಿರುತ್ತದೆ. ಪಕ್ಕದ ದಿಮ್ಮಿಯ ಮೇಲೆ ಸುಟ್ಟು ಒತ್ತಿದ ಅಥವಾ ಶಾಯಿಯಲ್ಲಿ ಬಡಿದ ಒಂದು ಮುದ್ರೆ ಇರುತ್ತದೆ: ಎಡಕ್ಕೆ ನಿಂತ ಗೋಧಿ ತೆನೆಯಂಥ ಚಿಹ್ನೆ, ಬಲಕ್ಕೆ ದೇಶವನ್ನು ಸೂಚಿಸುವ ಎರಡು ಅಕ್ಷರ (ಭಾರತದ್ದಾದರೆ ಐಎನ್), ತಯಾರಕರ ಸಂಖ್ಯೆ, ಕೊನೆಗೆ ಎಚ್‌ಟಿ ಅಥವಾ ಎಂಬಿ. ಎಚ್‌ಟಿ ಎಂದರೆ ಮರದ ತಿರುಳಿನವರೆಗೆ 56 ಡಿಗ್ರಿ ಸೆಲ್ಸಿಯಸ್ ಬಿಸಿ ಮುಟ್ಟಿಸಿ, 30 ನಿಮಿಷ ಹಾಗೇ ಇಟ್ಟು ಹುಳುಗಳನ್ನು ಕೊಂದದ್ದು. ಎಂಬಿ ಎಂದರೆ ಮೀಥೈಲ್ ಬ್ರೋಮೈಡ್ ಎಂಬ ವಿಷಾನಿಲದಲ್ಲಿ ಧೂಪ ಹಾಕಿದ್ದು. ಓಜೋನ್ ಪದರಕ್ಕೂ ಕೇಡು ಮಾಡುವ ಆ ಅನಿಲ ಮಾಂಟ್ರಿಯಲ್ ಒಪ್ಪಂದದ ನಿಯಂತ್ರಣ ಪಟ್ಟಿಯಲ್ಲಿದೆ. ಎಚ್‌ಟಿ ಕಂಡರೆ ತರಬಹುದು, ಎಂಬಿ ಕಂಡರೆ ಅಲ್ಲೇ ಬಿಡಬೇಕು.

ಇಷ್ಟೆಲ್ಲ ಶಿಸ್ತು ಹುಟ್ಟಿದ್ದರ ಹಿಂದೆ ಒಂದು ಹುಳುವಿನ ಕಥೆಯೂ ಇದೆ. ಉದ್ದ ಮೀಸೆಯ ಏಷ್ಯಾದ ಮರಕೊರಕ ದುಂಬಿ 1996ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಕಾಣಿಸಿಕೊಂಡಿತು. ಚೀನಾದಿಂದ ಬಂದ ಪ್ಯಾಕಿಂಗ್ ಮರದೊಳಗೆ ಅಡಗಿ ಅದು ಸಮುದ್ರ ದಾಟಿತ್ತೆಂದು ತಜ್ಞರು ಅಂದಾಜಿಸಿದರು. ಅದರಿಂದಾಗಿ ಸಾವಿರಾರು ಮರಗಳನ್ನು ಕಡಿಯಬೇಕಾಯಿತು. ಅಂಥ ಅನುಭವಗಳ ಬಳಿಕ 2002ರಲ್ಲಿ ಐಎಸ್‌ಪಿಎಂ 15 ಎಂಬ ಅಂತರರಾಷ್ಟ್ರೀಯ ನಿಯಮ ಬಂತು, ಅದರೊಂದಿಗೆ ಈ ಮುದ್ರೆ.

ದೇಶದೊಳಗೇ ಓಡಾಡುವ ಪ್ಯಾಲೆಟ್‌ಗಳಿಗೆ ಮುದ್ರೆ ಬೇಕಿಲ್ಲ. ಅವುಗಳ ವಿಷಯದಲ್ಲಿ ಕಣ್ಣು ಮೂಗುಗಳನ್ನೇ ನಂಬಬೇಕು. ಎಣ್ಣೆ ಕಲೆ, ರಾಸಾಯನಿಕದ ಘಾಟು, ಎದ್ದು ಬರುವ ಹಳೆ ಬಣ್ಣ ಇದ್ದರೆ ಬೇಡ. ಪ್ಲೈವುಡ್ ಚೂರುಗಳೂ ಬೇಡ; ನೀರು ತಾಗುತ್ತಲೇ ಪದರ ಬಿಡುತ್ತವೆ. ಪೂರ್ತಿ ನೀಲಿ ಬಣ್ಣ ಬಳಿದವು ಸಾಮಾನ್ಯವಾಗಿ ಬಾಡಿಗೆ ಕಂಪನಿಯ ಸ್ವತ್ತು, ಅವು ಮಾರಾಟಕ್ಕಿಲ್ಲ. ಹಳೆ ಮನೆ ಕೆಡವಿದಲ್ಲಿ ಸಿಗುವ ಕಿಟಕಿ ಚೌಕಟ್ಟು, ರೀಪುಗಳು ಪೈನ್‌ಗಿಂತ ಎಷ್ಟೋ ಗಟ್ಟಿ. ಅವುಗಳ ಮೇಲಿನ ಹಳೆ ಬಣ್ಣದಲ್ಲಿ ಸೀಸ ಇರಬಹುದಾದ್ದರಿಂದ ಅಂಥವನ್ನು ಹೂಗಿಡಕ್ಕೆ ಮೀಸಲಿಡುವುದು ಕ್ಷೇಮ.

ಇನ್ನು ಬಿಚ್ಚುವ ಕೆಲಸ. ಹೊಸಬರು ಸೋಲುವುದು ಇಲ್ಲೇ. ಯುರೋಪಿನ ಮಾದರಿ ಪ್ಯಾಲೆಟ್ ಒಂದರಲ್ಲಿ, 1200ಕ್ಕೆ 800 ಮಿಲಿಮೀಟರಿನ ಆ ಸಣ್ಣ ಜಾಗದಲ್ಲಿ, 78 ಮೊಳೆಗಳಿರುತ್ತವೆ. ತಿರುಚಿದ ಮೈಯ ಮೊಳೆಯಾದರೆ ಮರವನ್ನು ಕಚ್ಚಿ ಹಿಡಿದಿರುತ್ತದೆ. ಸುತ್ತಿಗೆಯ ಹಿಂಬದಿಯಿಂದ ಜಗ್ಗಿದರೆ ಹಲಗೆ ಸೀಳುತ್ತದೆಯೇ ಹೊರತು ಮೊಳೆ ಬರುವುದಿಲ್ಲ. ಬಡಗಿಗಳು ಹಾಗೆ ಜಗ್ಗುವುದೂ ಇಲ್ಲ. ಹಲಗೆ ಮತ್ತು ದಿಮ್ಮಿಯ ನಡುವೆ ಸಲಾಕೆಯ ತುದಿ ತೂರಿಸಿ ಒಂದು ಎಳೆಯಷ್ಟು ಸಂದು ಮಾಡಿಕೊಳ್ಳುತ್ತಾರೆ. ಆ ಸಂದಿಗೆ ಕಬ್ಬಿಣ ಕೊಯ್ಯುವ ಹ್ಯಾಕ್ಸಾ ಬ್ಲೇಡ್ ಇಳಿಸಿ ಮೊಳೆಯನ್ನೇ ಕೊಯ್ಯುತ್ತಾರೆ. ಮೊಳೆಯ ತಲೆ ಹಲಗೆಯಲ್ಲೇ ಉಳಿಯುತ್ತದೆ, ಹಲಗೆ ಮಾತ್ರ ಇಡಿಯಾಗಿ ಕೈಗೆ ಬರುತ್ತದೆ. ತುಕ್ಕು ಹಿಡಿದ ಆ ಗುಂಡು ಗುರುತುಗಳು ಆಮೇಲೆ ತೊಟ್ಟಿಗೆ ಒಂದು ಬಗೆಯ ಅಂದವನ್ನೇ ಕೊಡುತ್ತವೆ.

ಎರಡು ಪ್ಯಾಲೆಟ್ ಬಿಚ್ಚಿದರೆ ಮೂರಡಿ ಅಗಲ, ನಾಲ್ಕಡಿ ಎತ್ತರದ ಚೌಕಟ್ಟಿಗೂ ನಾಲ್ಕು ತೊಟ್ಟಿಗಳಿಗೂ ಸಾಕಾಗುವಷ್ಟು ಮರ ಸಿಗುತ್ತದೆ. ತೊಟ್ಟಿ ಮೂರಡಿ ಉದ್ದ, ಆರಿಂಚು ಅಗಲ, ಆರಿಂಚು ಆಳ. ಹಳೆ ಮೊಳೆಗಳಿಗಿಂತ ಸ್ಕ್ರೂ ಒಳ್ಳೆಯದು, ನಾಳೆ ಒಂದು ಹಲಗೆ ಕೊಳೆತರೆ ಅದೊಂದನ್ನೇ ಬದಲಿಸಬಹುದು. ತಳಕ್ಕೆ ಐದಾರು ತೂತು, ಒಳಗೆ ಶೇಡ್‌ನೆಟ್ ಎರಡು ಮಡಿಕೆ. ಅಕ್ಕಿ ಚೀಲ ಹಾಕುವವರಿದ್ದಾರೆ. ಬಿಸಿಲಿಗೆ ಅದು ಬೇಗನೆ ಪುಡಿಯಾಗಿ ಮಣ್ಣಿಗೆ ಪ್ಲಾಸ್ಟಿಕ್ ಬೆರೆಸುತ್ತದೆ. ಹೊರಮೈಗೆ ಅಗಸೆ ಎಣ್ಣೆ ಸವರಿದರೆ ನೀರು ಸುಲಭವಾಗಿ ಹಿಡಿಯುವುದಿಲ್ಲ. ಗೆದ್ದಲು ಬಾರದಿರಲೆಂದು ಗಾಡಿಯ ಹಳೆ ಎಂಜಿನ್ ಆಯಿಲ್ ಬಳಿಯುವ ರೂಢಿ ಹಲವೆಡೆ ಇದೆ. ಬೇಲಿ ಕಂಬಕ್ಕೆ ಅದು ನಡೆದೀತು, ಸೊಪ್ಪಿನ ತೊಟ್ಟಿಗೆ ಖಂಡಿತ ಕೂಡದು.

ತೂಕದ ಲೆಕ್ಕ ಹಾಕದೆ ಗೋಡೆ ಕೊರೆಯಬಾರದು. ಅಂಥ ಒಂದು ತೊಟ್ಟಿಗೆ ಸುಮಾರು 20 ಲೀಟರ್ ಮಣ್ಣು ಹಿಡಿಯುತ್ತದೆ, ನಾಲ್ಕಕ್ಕೆ 80. ಬರೀ ಕೆಮ್ಮಣ್ಣು ತುಂಬಿ ನೀರು ಹಾಕಿದರೆ ಅದೊಂದೇ 130 ಕಿಲೋ ದಾಟೀತು. ಅದಕ್ಕೇ ಕೋಕೊಪೀಟ್: ತಿಪಟೂರು, ಅರಸೀಕೆರೆ ಸೀಮೆಯ ತೆಂಗಿನ ನಾರಿನ ಪುಡಿ. ಐದು ಕಿಲೋದ ಇಟ್ಟಿಗೆ ನೀರಲ್ಲಿ ನೆನೆದು ಸುಮಾರು 70 ಲೀಟರಿನಷ್ಟು ಉಬ್ಬುತ್ತದೆ. ಉಪ್ಪಿನಂಶ ಹೋಗಲು ಒಮ್ಮೆ ತೊಳೆದು ಹಿಂಡಿ, ಎರಡು ಪಾಲು ಅದು, ಒಂದು ಪಾಲು ಕೆಮ್ಮಣ್ಣು, ಒಂದು ಪಾಲು ಎರೆಗೊಬ್ಬರ, ಒಂದು ಹಿಡಿ ಬೇವಿನ ಹಿಂಡಿ ಬೆರೆಸಿದರೆ ತೂಕ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಕಟ್ಟಡಗಳ ಮಾನಕವಾದ ಐಎಸ್ 875 ವಾಸದ ಮನೆಯ ಬಾಲ್ಕನಿಗೆ ಚದರ ಮೀಟರಿಗೆ ಸುಮಾರು 300 ಕಿಲೋ ಭಾರ ಲೆಕ್ಕ ಹಿಡಿಯುತ್ತದೆ. ಹಳೆಯ ಕಟ್ಟಡಗಳ ಚಾಚಿದ ಸಜ್ಜಾಗಳಿಗೆ ಆ ಭರವಸೆ ಇಲ್ಲ. ಚೌಕಟ್ಟಿನ ಕಾಲು ನೆಲದ ಮೇಲೆ ಊರಿರಬೇಕು, ಬೀಳದಂತೆ ಗೋಡೆಗೆ ಎರಡು ಎಲ್ ಪಟ್ಟಿ. ಗೋಡೆಗೂ ಹಲಗೆಗೂ ನಡುವೆ ಎರಡು ಬೆರಳು ಸಂದು ಬಿಟ್ಟರೆ ಗೋಡೆ ತೇವ ಹಿಡಿಯುವುದಿಲ್ಲ. ಕಟಕಟೆಯ ಹೊರಕ್ಕಂತೂ ಏನನ್ನೂ ತೂಗುಹಾಕಬಾರದು, ಕೆಳಗೆ ಮಕ್ಕಳು ಆಡುತ್ತಿರುತ್ತಾರೆ.

ಯಾವ ಗೋಡೆ ಎಂಬ ಪ್ರಶ್ನೆಗೆ ಸೂರ್ಯನೇ ಉತ್ತರ ಹೇಳಬೇಕು. ಬೆಂಗಳೂರಿನಲ್ಲಿ ಏಪ್ರಿಲ್ 24ರ ಸುಮಾರಿಗೆ, ಮತ್ತೆ ಆಗಸ್ಟ್ 18ರ ಸುಮಾರಿಗೆ, ನಡುಮಧ್ಯಾಹ್ನದ ಬಿಸಿಲು ನೆತ್ತಿಯ ಮೇಲೆ ನೇರ ಬಿದ್ದು ನೆರಳು ಕಾಲಡಿಗೆ ಸರಿಯುತ್ತದೆ. ಈ ಎರಡು ಶೂನ್ಯ ನೆರಳಿನ ದಿನಗಳ ನಡುವೆ ಮಧ್ಯಾಹ್ನದ ಸೂರ್ಯ ನೆತ್ತಿಯಿಂದ ಉತ್ತರಕ್ಕಿರುತ್ತಾನೆ. ಆಗ ಉತ್ತರದ ಬಾಲ್ಕನಿಗೆ ಬಿಸಿಲಿನ ಭಾಗ್ಯ, ಉಳಿದ ಎಂಟು ತಿಂಗಳು ದಕ್ಷಿಣದ್ದಕ್ಕೆ. ವರ್ಷಪೂರ್ತಿ ಎಳೆಬಿಸಿಲು ಸಿಗುವ ಪೂರ್ವದ ಗೋಡೆ ಸೊಪ್ಪಿಗೆ ಎಲ್ಲಕ್ಕಿಂತ ಮೇಲು.

ನೀರು ಮೇಲಿಂದ ಕೆಳಗಿಳಿಯುತ್ತದೆ. ಮೇಲಿನ ತೊಟ್ಟಿ ಮೊದಲು ಒಣಗುತ್ತದೆ, ಕೆಳಗಿನದು ಸದಾ ತೇವ. ಇದನ್ನರಿತು ಮೇಲೆ ದೊಡ್ಡಪತ್ರೆ, ಅದರ ಕೆಳಗೆ ಮೆಂತ್ಯ, ಮೂರನೆಯದರಲ್ಲಿ ಕೊತ್ತಂಬರಿ, ತಳದಲ್ಲಿ ಪುದೀನ ಅಥವಾ ಒಂದೆಲಗ. ಅದಕ್ಕೂ ಕೆಳಗೊಂದು ತಟ್ಟೆ ಇಡದಿದ್ದರೆ ಕೆಳಮನೆಯವರ ಒಣಗಿದ ಬಟ್ಟೆಯ ಮೇಲೆ ಕೆಂಪು ನೀರು ಸುರಿದು, ತೋಟಕ್ಕಿಂತ ಮೊದಲು ಜಗಳ ಚಿಗುರುತ್ತದೆ. ಕೊತ್ತಂಬರಿ ಬೀಜವನ್ನು ಇಡಿಯಾಗಿ ಬಿತ್ತಬಾರದು. ನೆಲದ ಮೇಲೆ ಹರಡಿ ಚಪ್ಪಲಿಯಿಂದ ಹಗುರವಾಗಿ ಉಜ್ಜಿ ಎರಡು ಹೋಳಾಗಿಸಿ, ರಾತ್ರಿ ನೆನೆಹಾಕಿ ಬಿತ್ತುವುದು ನಮ್ಮ ಹಳ್ಳಿಗರ ಕ್ರಮ. ಮೆಂತ್ಯಕ್ಕೆ ಆ ತಾಪತ್ರಯವಿಲ್ಲ. ಅಡುಗೆಮನೆಯ ಡಬ್ಬದಿಂದ ಒಂದು ಹಿಡಿ ತೆಗೆದು ಚೆಲ್ಲಿದರೆ ಇಪ್ಪತ್ತೈದು ದಿನಕ್ಕೆ ಪಲ್ಯಕ್ಕಾಗುತ್ತದೆ. ಮೊದಲ ಸಲ ಮಾಡುವವರು ನಾಲ್ಕೂ ತೊಟ್ಟಿಗೆ ಮೆಂತ್ಯವನ್ನೇ ಹಾಕುವುದು ಲೇಸು. ಯಾವ ತೊಟ್ಟಿ ಸೊರಗಿತು, ಯಾವುದು ಹುಲುಸಾಯಿತು ಎಂಬುದರಲ್ಲೇ ಆ ಗೋಡೆಯ ಬಿಸಿಲು ನೀರಿನ ಲೆಕ್ಕ ಗೊತ್ತಾಗಿಬಿಡುತ್ತದೆ.

ಈ ವಿದ್ಯೆ ಕಲಿಯಲು ಬೆಂಗಳೂರಿನಲ್ಲಿ ದಾರಿಗಳಿವೆ. ತಾರಸಿ ತೋಟದ ಪಾಠವನ್ನು ಊರಿಗೆಲ್ಲ ಹಬ್ಬಿಸಿದವರು ಕೃಷಿ ವಿಜ್ಞಾನಿ ಡಾ. ಬಿ.ಎನ್. ವಿಶ್ವನಾಥ್. ಗಾರ್ಡನ್ ಸಿಟಿ ಫಾರ್ಮರ್ಸ್ ಬಳಗದ ‘ಊಟ ಫ್ರಮ್ ಯುವರ್ ತೋಟ’ ಸಂತೆಗಳು ಬೀಜ, ಗೊಬ್ಬರ, ಅನುಭವ ಮೂರನ್ನೂ ಮನೆಮನೆಗೆ ದಾಟಿಸಿವೆ. ಲಾಲ್‌ಬಾಗಿನ ಜನವರಿ ಮತ್ತು ಆಗಸ್ಟ್ ತಿಂಗಳ ಫಲಪುಷ್ಪ ಪ್ರದರ್ಶನಕ್ಕೆ ಹೋದವರು ಹೂವಿನ ಗೋಪುರದ ಫೋಟೊ ಹಿಡಿದು ಮುಗಿದ ಮೇಲೆ ಮಳಿಗೆಗಳ ಕಡೆಗೂ ಹೆಜ್ಜೆ ಹಾಕಬಹುದು.

ಪೈನ್ ಹಲಗೆಗೆ ಚಿರಾಯುಷ್ಯವಿಲ್ಲ. ಬೆಂಗಳೂರಿನ ಹವೆಯಲ್ಲಿ ಎರಡು ಮೂರು ವರ್ಷ, ಮಂಗಳೂರಿನ ಮಳೆಯಲ್ಲಿ ಅದಕ್ಕೂ ಕಡಿಮೆ. ಮೊದಲು ಹೋಗುವುದು ತಳದ ಹಲಗೆ. ಬೆರಳಿನಿಂದ ಒತ್ತಿದರೆ ಒದ್ದೆ ರೊಟ್ಟಿಯಂತೆ ಒಳಗೆ ಇಳಿಯುತ್ತದೆ. ಆಗ ನಾಲ್ಕು ಸ್ಕ್ರೂ ಬಿಚ್ಚಿ ಬೇರೆ ಹಲಗೆ ಕೂರಿಸಿದರಾಯಿತು. ತೆಗೆದದ್ದು ಎಚ್‌ಟಿ ಮುದ್ರೆಯ ಮರವಾಗಿದ್ದರೆ ಮೊಳೆಯ ತಲೆಗಳನ್ನು ಆರಿಸಿ ತೆಗೆದು, ಕೈಯಲ್ಲೇ ಪುಡಿ ಮಾಡಿ, ತರಕಾರಿ ಸಿಪ್ಪೆ ಹಾಕುವ ಗೊಬ್ಬರದ ಡಬ್ಬಕ್ಕೆ ಒಣ ಎಲೆಯ ಬದಲು ಒಂದೊಂದು ಹಿಡಿ ಉದುರಿಸಬಹುದು. ಎರಡು ಮೂರು ತಿಂಗಳಿಗೆ ಅದು ಮತ್ತೆ ತೊಟ್ಟಿಗೇ ಮರಳುತ್ತದೆ, ಈ ಸಲ ಮೆಂತ್ಯದ ಬೇರಿನ ಕೆಳಗೆ.