ಬೆನ್ನುಹುರಿಯ ಪೆಟ್ಟು ಮತ್ತು ಕರುಳಿನ ದಿನಚರಿ

ಚಿಕ್ಕಮಗಳೂರು, ಮೂಡಿಗೆರೆ, ಕಳಸ ಸೀಮೆಯ ಕಾಫಿ ತೋಟಗಳಲ್ಲಿ ಕಾಳುಮೆಣಸಿನ ಕೊಯ್ಲಿಗೆ ಏಣಿ ಏರುವವರೂ ಮರಗಸಿಗೆಂದು, ಅಂದರೆ ಕೊಂಬೆ ಸವರಲು, ನೆರಳಿನ ಮರ ಹತ್ತುವವರೂ ನೆಲದಿಂದ ಬಹಳ ಮೇಲೆ ನಿಂತು ದುಡಿಯುತ್ತಾರೆ. ಎತ್ತರದಿಂದ ಬೀಳುವುದು ಭಾರತದಲ್ಲಿ ಬೆನ್ನುಹುರಿಗೆ ಪೆಟ್ಟಾಗುವ ಪ್ರಮುಖ ಕಾರಣಗಳಲ್ಲೊಂದು. ನೋಡುವವರ ಕಣ್ಣಿಗೆ ಬೀಳುವುದು ಸ್ವಾಧೀನ ತಪ್ಪಿದ ಕಾಲುಗಳಾದರೂ, ಗಾಯಾಳುವನ್ನು ಮದುವೆ ಮುಂಜಿಗಳಿಂದ ದೂರವಿಡುವುದು ಅನೇಕ ವೇಳೆ ಮಲವಿಸರ್ಜನೆಯ ಮೇಲಿನ ಹಿಡಿತ ತಪ್ಪಿದ ಸಂಕೋಚ.

ಪೆಟ್ಟಿನ ನಂತರವೂ ಕರುಳು ತನ್ನದೇ ನರಜಾಲದ ಬಲದಿಂದ ನಿಧಾನವಾಗಿಯಾದರೂ ಚಲಿಸುತ್ತದೆ; ಕಡಿದುಹೋಗುವುದು ಮಿದುಳಿನೊಡನೆ ಅದಕ್ಕಿದ್ದ ಸಂಪರ್ಕ. ಬೆನ್ನುಹುರಿ ಸೊಂಟದ ಮೊದಲ ಅಥವಾ ಎರಡನೆಯ ಕಶೇರುವಿನ ಬಳಿ ಮುಗಿಯುತ್ತದೆ, ಮಲವಿಸರ್ಜನೆಯ ನರಕೇಂದ್ರ ಆ ತುದಿಯಲ್ಲೇ ಇದೆ. ಪೆಟ್ಟು ಅದಕ್ಕಿಂತ ಮೇಲಿದ್ದರೆ ಗುದದ್ವಾರದ ಸ್ನಾಯು ಬಿಗಿದೇ ಇರುತ್ತದೆ, ಆದರೆ ಒಳಗಿನಿಂದ ಪ್ರಚೋದಿಸಿದರೆ ಮಿದುಳಿನ ಅಪ್ಪಣೆಯಿಲ್ಲದೆಯೇ ಸಡಿಲಗೊಳ್ಳುತ್ತದೆ. ಇದೇ ಪರಾವರ್ತಿತ ಪ್ರತಿಕ್ರಿಯೆ. ಬಿಸಕೋಡಿಲ್‌ನಂಥ, ಗುದದೊಳಗಿಡುವ ಗುಳಿಗೆಯನ್ನು ಇಟ್ಟು, ಜೆಲ್ ಸವರಿದ ಗ್ಲೌಸಿನ ಬೆರಳನ್ನು 15ರಿಂದ 20 ಸೆಕೆಂಡು ಮೆಲ್ಲಗೆ ವರ್ತುಲಾಕಾರವಾಗಿ ಆಡಿಸಿ, 5ರಿಂದ 10 ನಿಮಿಷ ಕಾದು ಮತ್ತೆ ಹಾಗೆಯೇ ಮಾಡುವ ಕ್ರಮ ಇದನ್ನೇ ನಂಬಿದೆ. ಕೇಂದ್ರಕ್ಕೋ ಅದರಿಂದ ಹೊರಡುವ ನರಗಳಿಗೋ ಪೆಟ್ಟಾದವರಲ್ಲಿ ಸ್ನಾಯುವೇ ಸಡಿಲ. ಅವರಿಗೆ ಪ್ರಚೋದನೆಯಿಂದ ಹೆಚ್ಚೇನೂ ಸಿಗದು, ಮಲವನ್ನು ತುಸು ಗಟ್ಟಿಯಾಗಿಯೇ ಇರಿಸಿ ಬೆರಳಿನಿಂದ ತೆಗೆಯಬೇಕಾಗುತ್ತದೆ. ಒಬ್ಬರಿಗೆ ಒಗ್ಗಿದ ಔಷಧವನ್ನು ಇನ್ನೊಬ್ಬರಿಗೆ ಕೊಡುವ ರೂಢಿ ಇಲ್ಲಿ ನೇರ ಹಾನಿ.

ಹೊಟ್ಟೆಗೆ ಆಹಾರ ಬಿದ್ದೊಡನೆ ದೊಡ್ಡ ಕರುಳು ಚುರುಕಾಗುವುದರಿಂದ ತಿಂಡಿಯ 20ರಿಂದ 30 ನಿಮಿಷಗಳ ನಂತರ, ನಿಗದಿತ ವೇಳೆಗೆ ಕೂರುವುದು ಲೇಸು. 1990ರಲ್ಲಿ ಬ್ರಿಟನ್ನಿನ ಸಂಶೋಧಕರು ಆರೋಗ್ಯವಂತರ ಮೇಲೆ ನಡೆಸಿದ ಅಧ್ಯಯನದಲ್ಲಿ ಕಾಫಿ ಕುಡಿದ 4 ನಿಮಿಷಗಳೊಳಗೆ ಕೆಲವರ ದೊಡ್ಡ ಕರುಳಿನ ಕೊನೆಯ ಭಾಗ ಚುರುಕಾದದ್ದು ಕಂಡುಬಂತು. ಕೆಫೀನ್ ತೆಗೆದ ಕಾಫಿಗೂ ಆ ಗುಣವಿತ್ತು, ಬರಿಯ ಬಿಸಿನೀರಿಗೆ ಇರಲಿಲ್ಲ. ಮಲೆನಾಡಿನ ಮುಂಜಾನೆಯ ಲೋಟಕ್ಕೆ ಹೀಗೊಂದು ಉಪಯೋಗವೂ ಇದ್ದೀತು. ತೋಟದ ಕಾರ್ಮಿಕರ ಲೈನ್ ಮನೆಯ ಕುಕ್ಕರಗಾಲಿನ ಕಕ್ಕಸಿಗಿಂತ ಮೆತ್ತೆ ಹಾಕಿದ ಕಮೋಡ್ ಕುರ್ಚಿಯೇ ಬೇಕು, ಏಕೆಂದರೆ ಸ್ಪರ್ಶಜ್ಞಾನವಿಲ್ಲದ ಚರ್ಮಕ್ಕೆ ಗಟ್ಟಿ ಅಂಚು ತಾಗಿದರೆ ಹುಣ್ಣಾದದ್ದೇ ತಿಳಿಯದು.

ಎದೆಯ ಆರನೆಯ ಕಶೇರು ಮಟ್ಟದಲ್ಲಿ ಅಥವಾ ಅದಕ್ಕೂ ಮೇಲೆ ಪೆಟ್ಟಾದವರಲ್ಲಿ ಕಟ್ಟಿಕೊಂಡ ಮಲವಾಗಲಿ ಬೆರಳಿನ ಪ್ರಚೋದನೆಯಾಗಲಿ ರಕ್ತದೊತ್ತಡವನ್ನು ಏಕಾಏಕಿ ಏರಿಸಬಹುದು. ತಲೆ ಸಿಡಿದು ಮುಖ ಬೆವೆತರೆ ಕೂಡಲೇ ನಿಲ್ಲಿಸಿ, ನೇರವಾಗಿ ಕೂರಿಸಿ, ವೈದ್ಯರನ್ನು ಕರೆಯಬೇಕು.

ಈ ಕ್ರಮಗಳು ಸಾಲದಿದ್ದಾಗ ಗುದದ್ವಾರದ ಮೂಲಕ ಉಗುರುಬೆಚ್ಚಗಿನ ನೀರು ಹಾಯಿಸಿ ಕರುಳಿನ ಕೆಳಭಾಗವನ್ನು ತೊಳೆಯುವ ವಿಧಾನವಿದೆ. 87 ಗಾಯಾಳುಗಳನ್ನು 10 ವಾರ ಪರಿಶೀಲಿಸಿ 2006ರಲ್ಲಿ ಪ್ರಕಟವಾದ ಯೂರೋಪಿನ ಪ್ರಯೋಗದಲ್ಲಿ, ಈ ವಿಧಾನ ಅನುಸರಿಸಿದವರಿಗೆ ಮಲಬದ್ಧತೆಯೂ ತಿಳಿಯದೆ ಸೋರುವ ತೊಂದರೆಯೂ ಕಡಿಮೆಯಿದ್ದವು. ಕರುಳನ್ನು ಹೊಟ್ಟೆಯ ಮೇಲೆ ತೆರೆದು ಚೀಲ ಜೋಡಿಸುವ ಕೊಲೊಸ್ಟಮಿಯನ್ನು ಸೋಲೆಂದು ಬಗೆಯುವವರೇ ಹೆಚ್ಚಾದರೂ, ದಿನವೂ ಗಂಟೆಗಟ್ಟಲೆ ಕಮೋಡಿನ ಮೇಲೆ ಕಳೆಯುತ್ತಿದ್ದವರಿಗೆ ಅದು ಅಷ್ಟು ಹೊತ್ತನ್ನು ಮರಳಿ ಕೊಡುತ್ತದೆ.